ಹೊಸ್ತಿಲ ಮೇಜಿನ ಮೀಮಾಂಸೆ

ಗ್ರಂಥಕ್ಕೆ ಪೀಠಿಕೆ ಬೇಕು, ಪೀಠಿಕೆಗೆ ಪೀಠ ಬೇಕು, ಪೀಠಕ್ಕೆ ಹಲಗೆ ಬೇಕು. ಕನ್ನಡದಲ್ಲಿ ದ್ವಾರಪೀಠಶಾಸ್ತ್ರ ಇದುವರೆಗೆ ಬೆಳೆಯದಿರುವುದಕ್ಕೆ ಈ ಕೊನೆಯದರ ಅಭಾವವೇ ಕಾರಣವೆಂಬುದು ಪ್ರಬಂಧಕಾರನ ನಮ್ರ ಅಭಿಪ್ರಾಯ. ದ್ವಾರಪೀಠವೆಂದರೆ ಬಾಗಿಲು ತೆರೆದೊಡನೆ ಕೈಗೆ ಎಟಕುವ ಚಿಕ್ಕ ಮೇಜು. ಬೀಗದ ಕೈ, ಹೆಲ್ಮೆಟ್ಟು, ಕರೆಂಟ್ ಬಿಲ್ಲು, ಅರ್ಧ ಕುಡಿದ ನೀರಿನ ಬಾಟಲಿ ಮುಂತಾದ, ಒಳಗೂ ಸೇರದ ಹೊರಗೂ ಹೋಗದ ವಸ್ತುಗಳಿಗೆ ಅದು ಆಶ್ರಯ. ಹಿಂದೆ ಈ ಕೆಲಸವನ್ನು ಜಗಲಿ ಮಾಡುತ್ತಿತ್ತು. ಜಗಲಿ ಹೋಗಿ ಮೂರಡಿ ಪ್ಯಾಸೇಜು ಬಂದ ಮೇಲೆ ಫ್ರಿಜ್ಜಿನ ನೆತ್ತಿ ಮಾಡುತ್ತಿದೆ.

ಕೊರತೆ ಇಂದಿನದಲ್ಲ. ಹಿರಣ್ಯಕಶಿಪುವಿನ ಪ್ರಕರಣವನ್ನೇ ನೋಡಿ. ಒಳಗೂ ಹೊರಗೂ ಅಲ್ಲದ ಹೊಸ್ತಿಲು, ಹಗಲೂ ಇರುಳೂ ಅಲ್ಲದ ಹೊತ್ತು, ಎಲ್ಲ ಏರ್ಪಾಡೂ ಆಗಿತ್ತು. ಆದರೂ ನರಸಿಂಹಸ್ವಾಮಿ ಅವನನ್ನು ತೊಡೆಯ ಮೇಲೆಯೇ ಮಲಗಿಸಿಕೊಳ್ಳಬೇಕಾಯಿತು. ನೆಲದಲ್ಲೂ ಆಕಾಶದಲ್ಲೂ ಸಾವಿಲ್ಲವೆಂಬ ವರವೇ ಇದಕ್ಕೆ ಕಾರಣವೆಂದು ಪೂರ್ವಪಕ್ಷದವರ ವಾದ. ಸ್ವಾಮೀ, ಮೇಜು ನೆಲವೂ ಅಲ್ಲ, ಆಕಾಶವೂ ಅಲ್ಲ. ಇದ್ದಿದ್ದರೆ ಬಳಸುತ್ತಿರಲಿಲ್ಲವೇ?

ಇನ್ನು ದಾರುವಿಚಾರ. ತೇಗದ ಬೆಲೆ ಕೇಳಿ ನಮಸ್ಕರಿಸಿದೆ. ಹೊನ್ನೆಯನ್ನು ಕೇಳಲೇ ಇಲ್ಲ. ಕೊನೆಗೆ ಸಾಮಿಲ್ಲಿನಲ್ಲಿ ಸಿಲ್ವರ್ ಓಕಿನ ಹಲಗೆ ಸಿಕ್ಕಿತು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳು ಕೊಡುತ್ತ, ಮೆಣಸಿನ ಬಳ್ಳಿಯನ್ನು ಹೊತ್ತು ನಿಲ್ಲುವ ಈ ಮರ ಮೂಲತಃ ಆಸ್ಟ್ರೇಲಿಯಾದ್ದು. ಓಕ್ ಜಾತಿಗೂ ಇದಕ್ಕೂ ನೆಂಟಸ್ತಿಕೆಯೇ ಇಲ್ಲ, ಬೆಳ್ಳಿಯಂತೂ ಅಲ್ಲವೇ ಅಲ್ಲ. ಬಿರುದು ಮಾತ್ರ ಎರಡು. ಈ ಗುಣ ನಮ್ಮ ವಿದ್ವತ್ ವಲಯಕ್ಕೆ ಹತ್ತಿರವಾದದ್ದೆಂದು ಅದನ್ನೇ ಆರಿಸಿದೆ.

“ಇನ್ನೂ ಹಸಿ ಐತೆ ಸಾರ್. ನೆರಳಲ್ಲಿ ಒಣಗ್ಲಿ ಬಿಡಿ. ಈಗ್ಲೇ ಮಾಡಿದ್ರೆ ಸೊಟ್ಟ ತಿರುಗ್ತದೆ,” ಎಂದರು ಆಚಾರ್ರು. ಅವರು ಉಲ್ಲೇಖಗಳಿಲ್ಲದೆ ಮಾತಾಡಿದ್ದರಿಂದ ನಾನು ಪರಿಗಣಿಸಲಿಲ್ಲ.

ಅಳತೆಗೆ ಬರೋಣ. ಮನೆಗೆ ಆಯ ನೋಡುವ ನಾಡಿನಲ್ಲಿ ಮೇಜಿಗೆ ನೋಡದಿರುವುದು ಅನ್ಯಾಯ. ಉದ್ದವನ್ನು ಅಗಲದಿಂದ ಗುಣಿಸಿ, ಬಂದದ್ದನ್ನು ಒಂಬತ್ತರಿಂದ ಗುಣಿಸಿ, ಎಂಟರಿಂದ ಭಾಗಿಸಿದರೆ ಉಳಿಯುವ ಶೇಷವೇ ಆಯ. ಒಂದು ಉಳಿದರೆ ಧ್ವಜ, ಮೂರು ಸಿಂಹ, ಐದು ವೃಷಭ, ಏಳು ಗಜ, ಇವು ಶುಭ. ಸಮಸಂಖ್ಯೆಯವು, ಅಂದರೆ ಧೂಮ, ಶ್ವಾನ, ಖರ, ಕಾಕ, ಬೇಡ. ಇಲ್ಲೊಂದು ಸಂಶೋಧನೆ: ಒಂಬತ್ತನ್ನು ಎಂಟರಿಂದ ಭಾಗಿಸಿದರೆ ಒಂದೇ ಉಳಿಯುವುದರಿಂದ ಆ ಗುಣಾಕಾರ ಮಾಡಿದರೂ ಬಿಟ್ಟರೂ ಶೇಷ ಬದಲಾಗುವುದಿಲ್ಲ. ಮದುವೆಮನೆಯಲ್ಲಿ ಬೆವರು ಸುರಿಸಿ ಓಡಾಡುವ ಷಡ್ಡಕನಂತೆ ಒಂಬತ್ತು. ಅವನಿದ್ದರೂ ತಾಳಿ ಕಟ್ಟುವುದು ಅದೇ ಹೊತ್ತಿಗೆ.

ಎಲ್ಲರೂ ಮಾಡಿಸುವ ಮೂರಡಿ ಉದ್ದ, ಒಂದಡಿ ಅಗಲದ ಮೇಜನ್ನು ಅಂಗುಲಕ್ಕೆ ತಂದರೆ 36 ಗುಣಿಸು 12, ಅಂದರೆ 432. ಎಂಟರಿಂದ ಭಾಗಿಸಿದರೆ ಶೇಷ ಸೊನ್ನೆ: ಕಾಕಾಯ! ಎರಡೂ ಕಡೆ ಒಂದೊಂದು ಅಂಗುಲ ಕಡಿಮೆ ಮಾಡಿ 35 ಗುಣಿಸು 11 ಮಾಡಿದೆ. 385, ಶೇಷ ಒಂದು. ಧ್ವಜಾಯ! ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿಕೊಂಡೆ.

ಗೆರೆ ಎಳೆದದ್ದು ನೇರವಾಗಿಯೇ. ಗರಗಸ ಮೊದಲ ಒಂದಡಿ ಗೆರೆಯ ಮೇಲೇ ನಡೆಯಿತು. ಆಮೇಲೆ ಹಸಿ ಮರ ಅಲಗನ್ನು ಕಚ್ಚಿ ಹಿಡಿಯಿತು. ನಾನು ಎಳೆದೆ, ಅದು ಬಿಟ್ಟಿತು, ಗೆರೆ ಒಂದು ದಿಕ್ಕು, ಹೊಟ್ಟು ಉದುರುವುದು ಇನ್ನೊಂದು ದಿಕ್ಕು. ಮುಗಿದ ಮೇಲೆ ಅಳೆದರೆ ಹಲಗೆಯ ಬಲತುದಿ ಹನ್ನೊಂದು ಅಂಗುಲ, ಎಡತುದಿ ಹತ್ತು. 35 ಗುಣಿಸು 10, 350, ಶೇಷ ಆರು: ಖರ. ಹೀಗೆ ಒಂದು ತುದಿಯಲ್ಲಿ ಬಾವುಟ, ಇನ್ನೊಂದು ತುದಿಯಲ್ಲಿ ಕತ್ತೆ. ಸರಾಸರಿ ಹಿಡಿದರೆ 367.5, ಶೇಷ ಏಳೂವರೆ. ಏಳೂವರೆ ಯಾರ ಲೆಕ್ಕವೆಂದು ಹೇಳಬೇಕಾಗಿಲ್ಲ, ಪಕ್ಕದಲ್ಲೇ ಕೂತಿರುವ ಕಾಗೆ ಅವನದೇ ವಾಹನ. ಗಾಬರಿಯಿಂದ ಷಡ್ಡಕನನ್ನು ಮತ್ತೆ ಕರೆಸಿ ಒಂಬತ್ತರಿಂದ ಗುಣಿಸಿದೆ. ಭಿನ್ನರಾಶಿ ಬಂದಾಗ ಅವನಿಗೂ ಬೆಲೆ ಬರುತ್ತದೆ ನೋಡಿ, ಶೇಷ ಮೂರೂವರೆಗೆ ಇಳಿಯಿತು. ಸಿಂಹಕ್ಕೂ ನಾಯಿಗೂ ನಡುವೆ. ಶನಿಗಿಂತ ವಾಸಿ.

ಕಾಲುಗಳ ಗಣಿತ ಇನ್ನೂ ಸೂಕ್ಷ್ಮ. ನಾಲ್ಕು ಕಾಲು ಸೇರಿದರೆ ಒಂದು ಎಂದು ಮಗ್ಗಿ ಹೇಳುತ್ತದೆ. ಆದರೆ ಮೂರು ಬಿಂದುಗಳು ಸದಾ ಒಂದೇ ಸಮತಲದಲ್ಲಿ ಇರುವುದರಿಂದ ಮುಕ್ಕಾಲಿ ಎಂದೂ ಕುಂಟುವುದಿಲ್ಲ. ಮುಕ್ಕಾಲು ಸ್ಥಿರ, ಪೂರ್ಣ ಅಸ್ಥಿರ. ಮೂವತ್ತಂಗುಲದ ನಾಲ್ಕು ಕಾಲು, ಹದಿನಾರು ಸ್ಕ್ರೂ, ಅರ್ಧ ಡಬ್ಬಿ ಫೆವಿಕಾಲ್ ಸೇರಿ ನಿಂತ ನನ್ನ ಮೇಜು ಕುಂಟುತ್ತದೆಂದು ಪ್ರತ್ಯಕ್ಷದಿಂದ ತಿಳಿಯಲಿಲ್ಲ, ಅನುಮಾನವಂತೂ ನನಗೆ ಬರಲೇ ಇಲ್ಲ. ಹೆಂಡತಿ ಅದರ ಮೇಲೆ ಹಾಲಿನ ಪಾಕೀಟು ಇಟ್ಟಾಗ ‘ಲಟಕ್’ ಎಂದಿತು. ಶಬ್ದಪ್ರಮಾಣದಿಂದ ಸಿದ್ಧವಾಯಿತು.

ಇದಕ್ಕೆ ಗಣಿತಜ್ಞರಲ್ಲಿ ಪರಿಹಾರವಿದೆ. ಮಾರ್ಟಿನ್ ಗಾರ್ಡ್‌ನರ್ 1973ರಲ್ಲೇ ಬರೆದಿದ್ದಾರೆ: ಕಾಲುಗಳು ಸಮವಾಗಿದ್ದು ನೆಲ ಮಾತ್ರ ಉಬ್ಬುತಗ್ಗಾಗಿದ್ದರೆ, ಚೌಕ ಮೇಜನ್ನು ಇದ್ದಲ್ಲೇ ಮೆಲ್ಲಗೆ ತಿರುಗಿಸುತ್ತ ಹೋಗಿ, ಕಾಲು ಸುತ್ತಿನೊಳಗೆ ಎಲ್ಲೋ ಒಂದು ಕಡೆ ನಾಲ್ಕೂ ಕಾಲು ಊರಿ ನಿಲ್ಲುತ್ತದೆ. ನನ್ನಲ್ಲಿ ನೆಲ ಸಮ, ಕಾಲು ಉಬ್ಬುತಗ್ಗು, ಮೇಜು ಚೌಕವಲ್ಲ, ಪಕ್ಕದಲ್ಲಿ ಗೋಡೆ. ಆದರೂ ತಿರುಗಿಸಿದೆ. ಬಾಗಿಲು ತೆರೆಯಲಾಗಲಿಲ್ಲ.

ಕೊನೆಗೆ ದಪ್ಪ ರಟ್ಟಿನ ಲಗ್ನಪತ್ರಿಕೆಯೊಂದನ್ನು ನಾಲ್ಕು ಮಡಿಕೆ ಮಾಡಿ ಎಡಗಡೆಯ ಹಿಂಗಾಲಿಗೆ ಕೊಟ್ಟೆ. ಮೇಜು ಹನ್ನೊಂದು ದಿನ ಅಲುಗಲಿಲ್ಲ. ಹನ್ನೆರಡನೆಯ ದಿನ ರೇಷ್ಮೆ ಸೀರೆಯುಟ್ಟು ಬಂದ ಹೆಂಡತಿ, “ರೀ, ಯಾವ ಛತ್ರ ಅಂತ ಹಾಕಿದ್ರು ಅದ್ರಲ್ಲಿ?” ಎಂದಳು. ಬಗ್ಗಿ ಪತ್ರಿಕೆ ಎಳೆದೆ. ಲಟಕ್. ಬೀಗದ ಕೈಗೊಂಚಲು ಬಾವುಟದ ಕಡೆಯಿಂದ ಕತ್ತೆಯ ಕಡೆಗೆ ಜಾರಿ ಕಾಣೆಯಾಯಿತು. ಬೀಗಕ್ಕೆ ಕೈ ಮಾತ್ರ ಉಂಟು, ಕಾಲಿಲ್ಲ, ಎಲ್ಲಿಗೆ ಹೋದೀತು ಎಂದು ಇಬ್ಬರೂ ಹುಡುಕಿದೆವು. ಮುಹೂರ್ತ ಮೀರಿದ ಮೇಲೆ, ಊಟವಾದರೂ ಸಿಗಲಿ ಎಂದು ಹೊರಡಲು ಷೂಗೆ ಕಾಲು ತೂರಿಸಿದಾಗ ಬೆರಳಿಗೆ ಚುಚ್ಚಿತು.