ಫಾರ್ಮ್ಯಾಟ್ ಭಾಯಿ

ಕಲಬುರಗಿಯ ಮೋಮಿನಪುರದಲ್ಲಿ ಯಾರ ಮನೆಯ ಕಂಪ್ಯೂಟರ್ ನಿಂತರೂ ಮೊದಲ ಫೋನು ಹೋಗುವುದು ಒಬ್ಬನಿಗೇ. ಅವನಿಗೆ ತಂದೆತಾಯಿ ಇಟ್ಟ ಹೆಸರು ರೇಷನ್ ಕಾರ್ಡಿನಲ್ಲಿ ಇದ್ದೀತು. ಓಣಿಯಲ್ಲಿ ಮಾತ್ರ ಅವನು ಫಾರ್ಮ್ಯಾಟ್ ಭಾಯಿ. ಇಂಥವನು ನಿಮ್ಮ ಓಣಿಯಲ್ಲೂ ಇದ್ದಾನೆ. ಬ್ರಹ್ಮಪುರದಲ್ಲಿ ಅವನನ್ನು ಅಣ್ಣಾ ಎನ್ನುತ್ತಾರೆ, ಧಾರವಾಡದಲ್ಲಿ ಸರ್ ಎನ್ನುತ್ತಾರೆ, ಮೈಸೂರಿನಲ್ಲಿ ‘ನಮಗೆ ಗೊತ್ತಿರೋ ಹುಡುಗ’ ಎನ್ನುತ್ತಾರೆ. ಹೆಸರು ಯಾವುದಾದರೇನು, ತೀರ್ಪು ಒಂದೇ: “ಫಾರ್ಮ್ಯಾಟ್ ಹೊಡೀಬೇಕಾಗ್ತದ್ರಿ.”

ನೋಡಲಿಕ್ಕೆ ಸಾದಾ ಮನುಷ್ಯ. ವಯಸ್ಸು ಮೂವತ್ತೈದು ದಾಟಿದ ಮೇಲೆ ಎಲ್ಲೋ ಒಂದು ಕಡೆ ನಿಂತುಬಿಟ್ಟಿದೆ. ಅಂಗಿಯ ಕಿಸೆಯಲ್ಲಿ ಒಂದು ಸ್ಕ್ರೂಡ್ರೈವರ್, ಅದರ ಜೊತೆ ಎರಡನೇ ಇಯತ್ತೆಯ ಮಕ್ಕಳ ರಬ್ಬರು. ಆ ರಬ್ಬರನ್ನು ಕಂಡು ನಗಬೇಡಿ. ರ‍್ಯಾಮ್ ಪಟ್ಟಿಯ ಬಂಗಾರದ ಬಣ್ಣದ ಅಂಚಿಗೆ ಮಸಿ ಹಿಡಿದರೆ ಸಂಪರ್ಕ ತಪ್ಪುತ್ತದೆ. ಹೊರಗೆ ತೆಗೆದು ರಬ್ಬರಿನಿಂದ ಉಜ್ಜಿ ಮತ್ತೆ ಕೂಡಿಸಿದರೆ ಸತ್ತೇಹೋಯಿತೆಂದು ಬಿಟ್ಟ ಯಂತ್ರ ಎದ್ದು ಕೂತ ಉದಾಹರಣೆಗಳು ಬೇಕಾದಷ್ಟಿವೆ. ಇನ್ನು ಈ ವಿದ್ಯೆ ಅವನಿಗೆ ಎಲ್ಲಿಂದ ಬಂತು? ವಿಂಡೋಸ್ 98ರ ಕಾಲಕ್ಕೆ ಸ್ಟೇಷನ್ ರಸ್ತೆಯ ಕಡೆ ಯಾವುದೋ ಕಂಪ್ಯೂಟರ್ ಕ್ಲಾಸಿನಲ್ಲಿ ಕಸ ಹೊಡೆಯಲಿಕ್ಕೆ ಸೇರಿ, ಮಾಸ್ತರು ಊಟಕ್ಕೆ ಹೋದಾಗ ಕಲಿತದ್ದು ಎಂದು ಒಂದು ಕಥೆ. ಹೈದರಾಬಾದಿನಲ್ಲಿ ದೊಡ್ಡ ಕೋರ್ಸ್ ಮಾಡಿದ್ದು ಎಂದು ಇನ್ನೊಂದು. ಎರಡನ್ನೂ ಹಬ್ಬಿಸಿದವನು ಅವನೇ.

ಅವನ ದರ್ಬಾರು ನೋಡಬೇಕೆಂದರೆ ಯಾವುದಾದರೂ ಅರ್ಜಿಯ ಕೊನೆಯ ದಿನ ಆನ್‌ಲೈನ್ ಅಂಗಡಿಗೆ ಹೋಗಬೇಕು. ಪಹಣಿ ಬೇಕಾದ ರೈತ, 371ಜೆ ಪ್ರಮಾಣಪತ್ರಕ್ಕೆ ಬಂದ ಹುಡುಗಿ, ಸ್ಕಾಲರ್‌ಶಿಪ್ಪಿನ ಹುಡುಗರು, ಬೆರಳಚ್ಚು ಸವೆದುಹೋಗಿ ಆಧಾರ್ ಒಪ್ಪದ ಒಬ್ಬ ಮುತ್ಯಾ, ಎಲ್ಲರೂ ಒಂದೇ ಬೆಂಚಿನ ಮೇಲೆ ಕೂತಿದ್ದಾರೆ. ಅಂಗಡಿಯವನು ಮುಂಜಾನೆ ಯಂತ್ರ ಚಾಲೂ ಮಾಡಿದರೆ ಪರದೆಯ ನಡುವೆ ಚುಕ್ಕೆಗಳು ಸುತ್ತುತ್ತಿವೆ. ಅಪ್ಡೇಟ್ ನಡೆದಿದೆ, ಶೇಕಡಾ 27 ಆಗಿದೆ, ಕಂಪ್ಯೂಟರ್ ಬಂದ್ ಮಾಡಬೇಡಿ. ಅರ್ಧ ತಾಸಿನ ಮೇಲೂ 27. “ತಮ್ಮಾ, ಪಾಸಾಗ್ಲಾಕ 35 ಬೇಕೇನು?” ಎಂದು ಮುತ್ಯಾ ಕೇಳುತ್ತಾನೆ. ಅಂತೂ ನೂರಕ್ಕೆ ನೂರು ಆಗಿ ಪರದೆ ಬರುತ್ತದೆ, ಎಲ್ಲರೂ ಕಾಗದ ಹಿಡಿದು ಎದ್ದು ನಿಲ್ಲುತ್ತಾರೆ, ಮೌಸಿನ ಬಾಣ ಅರ್ಧ ದಾರಿಯಲ್ಲಿ ನಿಲ್ಲುತ್ತದೆ. ಮೂಲೆಯ ಗಡಿಯಾರ 10.42 ತೋರಿಸುತ್ತದೆ. ಸ್ವಲ್ಪ ಹೊತ್ತಿನ ಮೇಲೆ ನೋಡಿದರೂ 10.42.

ಭಾಯಿ ಬರುತ್ತಾನೆ. ಜನ ದಾರಿ ಬಿಡುತ್ತಾರೆ. ಬಂದವನು ಕಂಪ್ಯೂಟರನ್ನು ಮುಟ್ಟುವುದಿಲ್ಲ. ಮೊದಲು ಕುರ್ಚಿ, ಆಮೇಲೆ ಚಹಾ, ಆಮೇಲೆ ವಿಚಾರಣೆ.

“ಯಾನ್ ಆಗ್ಯಾದ್ರಿ?”

“ರಾತ್ರಿ ಅಪ್ಡೇಟ್ ಬಂದಿತ್ತು ಭಾಯಿ. ಈಗ ಮೌಸ್ ಹಂದ್ಯಾಡ್ಲಕತ್ತಿಲ್ಲ.”

“ಯಾರ್ ಹೇಳಿದ್ರು ನಿಮಗ ಅಪ್ಡೇಟ್ ಮಾಡಂತ?”

“ಯಾರಬಿ ಹೇಳಿಲ್ರಿ. ತಾನೇ ಮಾಡ್ಕೊಂಡದ.”

“ನೆಟ್ ಹಚ್ಚಿದ್ರಿ?”

“ನೆಟ್ ಹಚ್ಚಲಾರದ ಆನ್‌ಲೈನ್ ಅಂಗಡಿ ಹ್ಯಾಂಗ ನಡೀತದ ಭಾಯಿ?”

“ಹಾಂ. ಅದೇ ತಪ್ಪು.”

ಆಮೇಲೆ ಅವನು ಮಾಡುವ ಕೆಲಸ ಯಾರಿಗೂ ಗೊತ್ತಾಗುವುದಿಲ್ಲ. ಒಂದೇ ಬೆರಳಿನಿಂದ ಕ್ಯಾಪ್ಸ್‌ಲಾಕ್ ಒತ್ತಿ, ಕೀಬೋರ್ಡಿನ ಪುಟ್ಟ ದೀಪದ ಕಡೆ ನೋಡುತ್ತಾನೆ. ಒತ್ತಿದಾಗಲೆಲ್ಲ ದೀಪ ಹತ್ತಿ ಆರಿದರೆ ಯಂತ್ರ ಒಳಗೆ ಜೀವಂತವಿದೆ, ಸಿಕ್ಕಿಬಿದ್ದಿರುವುದು ಪರದೆ ಅಥವಾ ಯಾವುದೋ ಒಂದು ಪ್ರೋಗ್ರಾಮು ಎಂದು ಅರ್ಥ. ದೀಪ ಅಲ್ಲಾಡದಿದ್ದರೆ ಪೂರಾ ಹ್ಯಾಂಗು. ಇಷ್ಟು ಸೊಗಸಾದ ಪರೀಕ್ಷೆ ಮಾಡಿದವನು ಅದರ ಫಲಿತಾಂಶವನ್ನು ಮಾತ್ರ ಯಾವತ್ತೂ ಬಳಸುವುದಿಲ್ಲ. ದೀಪ ಹತ್ತಲಿ, ಬಿಡಲಿ, ಪವರ್ ಬಟನ್ ಅದುಮಿ ಹಿಡಿದು ಏಕ್, ದೋ, ತೀನ್ ಎಂದು ಹತ್ತರವರೆಗೆ ಎಣಿಸುತ್ತಾನೆ. ಹಿಂದಿನ ಕಾಲದ ದವಾಖಾನೆಯ ಕಂಪೌಂಡರ್ ಜ್ವರಕ್ಕೂ ಹೊಟ್ಟೆನೋವಿಗೂ ಅದೇ ಗುಲಾಬಿ ನೀರು ಬಾಟಲಿಗೆ ಸುರಿದಂತೆ, ತೀರ್ಪು ತಯಾರಿದೆ.

“ಫಾರ್ಮ್ಯಾಟ್ ಹೊಡೀಬೇಕಾಗ್ತದ್ರಿ. ಒಂದು ತಾಸಿನ ಕೆಲಸ.”

ಭಾಯಿಯ ಗುಟ್ಟೆಲ್ಲ ಇರುವುದು ಈ ಒಂದು ತಾಸಿನಲ್ಲಿ. ಕಂಪ್ಯೂಟರ್ ‘ದಯವಿಟ್ಟು ಕಾಯಿರಿ’ ಎನ್ನುತ್ತದೆ, ಎಲ್ಲಿಯ ತನಕ ಎಂದು ಹೇಳುವುದಿಲ್ಲ. ಕಂಪನಿಯ ಸಹಾಯವಾಣಿ ಸಂಗೀತ ಕೇಳಿಸುತ್ತದೆ. ಭಾಯಿ ಒಬ್ಬನೇ ಗಡಿಯಾರ ನೋಡಿ ಮಾತಾಡುವವನು. ಆ ತಾಸು ಮೂರು ತಾಸಾಗುವುದು ಬೇರೆ ಮಾತು. ಇನ್ನೊಂದು ಸಂಗತಿ ಹೇಳಿದರೆ ಅವನಿಗೆ ಸಿಟ್ಟು ಬಂದೀತು. ಹಳೆಯ, ಒಳಗೆ ತಟ್ಟೆ ತಿರುಗುವ ಹಾರ್ಡ್‌ಡಿಸ್ಕಿನ ಯಂತ್ರಗಳಲ್ಲಿ ದೊಡ್ಡ ಅಪ್ಡೇಟಿನ ನಂತರವೂ ಒಳಗೆ ಕೆಲಸ ನಡೆದೇ ಇರುತ್ತದೆ: ಕಡತಗಳ ಸೂಚಿ ಮತ್ತೆ ಕಟ್ಟುವುದು, ಹಳೆಯದನ್ನು ಗುಡಿಸುವುದು, ಆಂಟಿವೈರಸ್ಸಿನ ತಪಾಸಣೆ. ಟಾಸ್ಕ್ ಮ್ಯಾನೇಜರ್ ತೆರೆದರೆ ಡಿಸ್ಕಿನ ಎದುರು ಶೇಕಡಾ 100 ಎಂದು ಕಾಣುತ್ತದೆ. ಇಂಥದ್ದನ್ನು ಒಂದೆರಡು ತಾಸು ಮುಟ್ಟದೆ ಬಿಟ್ಟರೆ ಎಷ್ಟೋ ಸಲ ತಾನಾಗಿ ಸರಿಹೋಗುತ್ತದೆ. ಆದರೆ ಸುಮ್ಮನೆ ಕೂಡುವ ಕೆಲಸಕ್ಕೆ ಯಾರು ಐನೂರು ಕೊಡುತ್ತಾರೆ?

ಭಾಯಿಯ ಖ್ಯಾತಿ ಊರಿಗಷ್ಟೇ ಸೀಮಿತವಲ್ಲ. ಈಗ ತಾಲ್ಲೂಕಾಗಿರುವ ಕಮಲಾಪುರದಿಂದಲೂ ಗಿರಾಕಿ ಬರುತ್ತಾರೆ. ಅಂಥವರೊಬ್ಬರು ಸಿಪಿಯುವನ್ನು ಚಾದರಿನಲ್ಲಿ ಸುತ್ತಿ ಬಸ್ಸಿನ ಕಿಟಕಿ ಸೀಟಿನಲ್ಲಿ ಕೂಡಿಸಿಕೊಂಡು ಬಂದರಂತೆ; ಲಗೇಜ್ ಟಿಕೆಟ್ ಹರಿಯಲೋ ಅರ್ಧ ಟಿಕೆಟ್ ಹರಿಯಲೋ ಎಂದು ಕಂಡಕ್ಟರಿಗೆ ಬಗೆಹರಿಯಲಿಲ್ಲವಂತೆ. ಇನ್ನೊಂದು ಕೈಯಲ್ಲಿ ಕೆಂಪು ಬಾಳೆಯ ಚಿಪ್ಪು. ಜಿಐ ಮಾನ್ಯತೆ ಪಡೆದ ಕಮಲಾಪುರದ ಆ ಬಾಳೆಯ ಮುಂದೆ ನಗದು ಯಾವ ಲೆಕ್ಕ ಎಂದು ಭಾಯಿಯೇ ಹೇಳುತ್ತಾನೆ. ಡಬ್ಬಿ ಬಿಚ್ಚಿದರೆ ಒಳಗೆ ಫ್ಯಾನಿನ ಸುತ್ತ ಕಂಬಳಿ ದಪ್ಪದ ಧೂಳು, ಮೂಲೆಯಲ್ಲಿ ಒಣಗಿದ ಒಂದು ಹಲ್ಲಿ. ನಮ್ಮ ಕಡೆ ಬ್ಯಾಸಿಗೆಯಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ. ಗಾಳಿಯಾಡದ ಪ್ರೊಸೆಸರ್ ಕಾಯ್ದು, ತನ್ನನ್ನು ಉಳಿಸಿಕೊಳ್ಳಲು ತಾನೇ ನಿಧಾನವಾಗುತ್ತದೆ, ಕಡೆಗೆ ನಿಂತೇಬಿಡುತ್ತದೆ. ಅಪ್ಡೇಟು ಬಂದದ್ದು ಅದೇ ವಾರವಾದ್ದರಿಂದ ಆಪಾದನೆ ಅದರ ಮೇಲೆ ಬಿತ್ತು. ಬ್ಲೋವರ್ ಹಿಡಿದು ಧೂಳು ಹಾರಿಸಿದ, ಯಂತ್ರ ಛಂದ ನಡೆಯಿತು. ಅಲ್ಲಿಗೆ ಮುಗಿಯಬೇಕಿತ್ತು. “ಇಷ್ಟ ದೂರ ಬಂದೀರಿ ಕಾಕಾ, ಖಾಲಿ ಕೈಲೆ ಹ್ಯಾಂಗ ಕಳಿಸ್ಲಿ?” ಎಂದು ಭಾಯಿ ಫಾರ್ಮ್ಯಾಟನ್ನೂ ಹೊಡೆದೇ ಕಳಿಸಿದ.

ಅವನಿಗೆ ಅಪ್ಡೇಟಿನ ಮೇಲೆ ತಾತ್ವಿಕವಾದ ದ್ವೇಷವಿದೆ. “ಕಿಲ್ಲಾದಾಗ ಜಾಮಿ ಮಸೀದಿ ಅದಲ್ರಿ, 1367ರಾಗ ಕಟ್ಟ್ಯಾರ. ಅವತ್ತಿಂದ ಒಂದ್ ಅಪ್ಡೇಟ್ ಬಂದಿಲ್ಲ, ಒಂದ್ ಸಲಬಿ ಹ್ಯಾಂಗ್ ಆಗಿಲ್ಲ” ಎನ್ನುತ್ತಾನೆ. ಊರಿನ ಹೆಸರು 2014ರ ನವೆಂಬರ್ 1ರಂದು ಗುಲ್ಬರ್ಗಾ ಹೋಗಿ ಕಲಬುರಗಿ ಆಯಿತು. ಭಾಯಿಯ ಅಂಗಡಿ ಬೋರ್ಡು ಇವತ್ತಿಗೂ ಗುಲ್ಬರ್ಗಾ. “ಹಳೇ ವರ್ಷನ್ ಛಲೋ ನಡದಾದ, ಸುಮ್ನ ಯಾಕ ಮುಟ್ಟಬೇಕು?”

ಅವನ ಏಕೈಕ ಶತ್ರು ಬೆಂಗಳೂರಿನಿಂದ ರಜೆಗೆ ಬರುವ ಸಾಫ್ಟ್‌ವೇರ್ ಅಳಿಯ. ಅಳಿಯ ಫಾರ್ಮ್ಯಾಟ್ ಎಂಬ ಮಾತು ಕೇಳಿದರೆ ಸಿಡುಕುತ್ತಾನೆ. “ಕಾರಣ ಹುಡುಕಬೇಕು ಮಾವ” ಎಂದು ಇವೆಂಟ್ ವ್ಯೂವರ್ ತೆರೆದು ಕೆಂಪು ಗುರುತಿನ ಸಾಲುಗಳನ್ನು ಒಂದೊಂದಾಗಿ ಓದುತ್ತ ಕೂಡುತ್ತಾನೆ. ಬೆಳಗಿನ ಮಿರ್ಚಿ-ಸುಸಲಾ ಆರುತ್ತದೆ, ಮಧ್ಯಾಹ್ನದ ರೊಟ್ಟಿ ಒಣಗುತ್ತದೆ. ಸಂಜೆಗೆ ಮಾವನವರು ಹಿತ್ತಲಿಗೆ ಹೋಗಿ ದನಿ ತಗ್ಗಿಸಿ ಫೋನ್ ಮಾಡುತ್ತಾರೆ: “ಭಾಯಿ, ಅಳಿಯಂದಿರು ನಾಳಿ ಹೋಗ್ತಾರ. ನಾಡದು ಬರ್ರಿ.”

ಅಳಿಯ ಹೇಳುವುದು ಸರಿ, ಅದರಲ್ಲಿ ಸಂಶಯವಿಲ್ಲ. ಆದರೆ ಈ ವಿಷಯದಲ್ಲಿ ದೊಡ್ಡವರ ಚರಿತ್ರೆಯೂ ಭಾಯಿಯ ಕಡೆಗೇ ಸಾಕ್ಷಿ ಹೇಳುತ್ತದೆ. 2016ರ ಆಗಸ್ಟಿನಲ್ಲಿ ಬಂದ ವಿಂಡೋಸ್ 10ರ ವಾರ್ಷಿಕೋತ್ಸವದ ಅಪ್ಡೇಟ್ ಹಾಕಿಕೊಂಡ ಮೇಲೆ ಕೆಲವು ಯಂತ್ರಗಳು ಮರಗಟ್ಟಿದವು. ವಿಂಡೋಸ್ ಎಸ್‌ಎಸ್‌ಡಿಯಲ್ಲಿ, ಉಳಿದ ಪ್ರೋಗ್ರಾಮುಗಳು ಇನ್ನೊಂದು ಡಿಸ್ಕಿನಲ್ಲಿ ಇದ್ದ ಯಂತ್ರಗಳವು ಎಂದು ಮೈಕ್ರೋಸಾಫ್ಟ್ ಒಪ್ಪಿಕೊಂಡಿತು. 2018ರ ಏಪ್ರಿಲ್ ಅಪ್ಡೇಟಿನ ನಂತರ ಕ್ರೋಮ್ ತೆರೆದರೆ ಕೆಲವರ ಪರದೆ ನಿಲ್ಲತೊಡಗಿತು. ಸರಿಪಡಿಸುವ ಅಪ್ಡೇಟ್ ಬರುವ ತನಕ ಕಂಪನಿ ಕೊಟ್ಟ ಸಲಹೆ ಏನು ಗೊತ್ತೆ? ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್ ಮತ್ತು ಬಿ ಒಟ್ಟಿಗೆ ಒತ್ತಿ. ಲ್ಯಾಪ್‌ಟಾಪ್ ಇದ್ದರೆ ಮುಚ್ಚಳ ಮುಚ್ಚಿ ತೆಗೆಯಿರಿ. ಭಾಯಿ ಇದನ್ನು ಕೇಳಿ ಒಂದು ವಾರ ಎದೆ ಉಬ್ಬಿಸಿಕೊಂಡು ಓಡಾಡಿದ. ಮುಚ್ಚಿ ತೆಗೆಯುವುದನ್ನು ಅವನು ಎಷ್ಟೋ ವರ್ಷಗಳಿಂದ ದುಡ್ಡು ತೆಗೆದುಕೊಂಡು ಮಾಡುತ್ತ ಬಂದಿದ್ದಾನೆ. ಅದೇ ವರ್ಷದ ಅಕ್ಟೋಬರ್ ಅಪ್ಡೇಟಂತೂ ಕೆಲವರ ಡಾಕ್ಯುಮೆಂಟ್ಸ್ ಫೋಲ್ಡರಿನ ಕಡತಗಳನ್ನೇ ಅಳಿಸಿಹಾಕಿತು. ಕೆಲವೇ ದಿನಗಳಲ್ಲಿ ಅದನ್ನು ನಿಲ್ಲಿಸಿ, ನವೆಂಬರಿನಲ್ಲಿ ಮತ್ತೆ ಬಿಡಬೇಕಾಯಿತು. ಫಾರ್ಮ್ಯಾಟ್ ಭಾಯಿಯ ಕಸುಬಿಗೆ ಕಂಪನಿಯೇ ಕೈಹಾಕಿದ ಏಕೈಕ ಸಂದರ್ಭ ಅದು.

ಇನ್ನು 2024ರ ಜುಲೈ 19. ಅವತ್ತಿನ ತಪ್ಪು ವಿಂಡೋಸಿನದಲ್ಲ, ಕ್ರೌಡ್‌ಸ್ಟ್ರೈಕ್ ಎಂಬ ಸುರಕ್ಷಾ ಕಂಪನಿಯ ಒಂದು ದೋಷದ ಕಡತದ್ದು. ಜಗತ್ತಿನಾದ್ಯಂತ ಸುಮಾರು 85 ಲಕ್ಷ ಯಂತ್ರಗಳು ನೀಲಿ ಪರದೆ ತೋರಿಸಿ ಕೂತವು, ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದು ಕೊಟ್ಟರು. ಕ್ಲೌಡಿನಲ್ಲಿ ಸಿಕ್ಕಿಬಿದ್ದ ಯಂತ್ರಗಳನ್ನು ಮತ್ತೆ ಮತ್ತೆ ರೀಸ್ಟಾರ್ಟ್ ಮಾಡಿ, 15 ಸಲದವರೆಗೂ ಬೇಕಾಗಬಹುದು ಎಂದು ಮೈಕ್ರೋಸಾಫ್ಟ್ ಹೇಳಿತು. “ಹದಿನೈದು!” ಎಂದು ಭಾಯಿ ಕುರ್ಚಿಯಿಂದ ಎದ್ದೇಬಿಟ್ಟ. “ನಾ ಮೂರನೇ ಸಲಕ್ಕ ಕೈ ಬಿಡ್ತೀನಿ.”

ರೀಸ್ಟಾರ್ಟಿನ ಮೇಲೆ ಅವನ ನಂಬಿಕೆಗೆ ಒಂದು ನಿಜವಾದ ಕಾರಣವೂ ಇದೆ, ಅವನಿಗೆ ಅದು ಗೊತ್ತಿಲ್ಲ ಅಷ್ಟೆ. ವಿಂಡೋಸ್ 8ರಿಂದ ಈಚೆಗೆ ಬಹಳಷ್ಟು ಯಂತ್ರಗಳಲ್ಲಿ ಶಟ್‌ಡೌನ್ ಕೊಟ್ಟರೆ ಪೂರ್ತಿ ಬಂದ್ ಆಗುವುದಿಲ್ಲ. ಮರುದಿನ ಬೇಗ ಏಳಲಿಕ್ಕೆಂದು ಒಳತಿರುಳನ್ನು ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತದೆ. ನಿನ್ನೆಯ ಗಂಟು ಇವತ್ತಿಗೂ ಉಳಿಯಬಹುದು. ರೀಸ್ಟಾರ್ಟ್ ಕೊಟ್ಟರೆ ಮಾತ್ರ ಎಲ್ಲ ಹೊಸದಾಗಿ ಶುರುವಾಗುತ್ತದೆ.

ಹಾಗಾದರೆ ಭಾಯಿಯಿಂದ ನಷ್ಟವೇ ಇಲ್ಲವೇ? ಇದೆ, ದೊಡ್ಡದೇ ಇದೆ. “ಡಿ ಡ್ರೈವ್ ಮುಟ್ಟಂಗಿಲ್ರಿ, ಸಿ ಅಷ್ಟೇ ಅಳಸ್ತೀನಿ” ಎಂದು ಅವನು ಪ್ರಾಮಾಣಿಕವಾಗಿಯೇ ಹೇಳುತ್ತಾನೆ. ಕೇಳಿದವರು ತಲೆಯಾಡಿಸುತ್ತಾರೆ. ಆದರೆ ನಮ್ಮ ಮನೆಗಳಲ್ಲಿ ಮಗಳ ಮದುವೆಯ ಫೋಟೋ, ಹೊಲದ ಕಾಗದದ ಸ್ಕ್ಯಾನ್, ನಿವೃತ್ತ ಮಾಸ್ತರು ನುಡಿಯಲ್ಲಿ ಟೈಪ್ ಮಾಡಿದ ಅರ್ಧ ಪುಸ್ತಕ ಇರುವುದೆಲ್ಲ ಡೆಸ್ಕ್‌ಟಾಪಿನ ಮೇಲೆ. ಡೆಸ್ಕ್‌ಟಾಪ್ ಎಂಬುದು ಸಾಮಾನ್ಯವಾಗಿ ಸಿ ಡ್ರೈವಿನ ಒಳಗಿನದೇ ಒಂದು ಫೋಲ್ಡರು. ಡಿ ಡ್ರೈವಿನಲ್ಲಿ ಇರುವುದು ಭಾಯಿ ಹಿಂದಿನ ಸಲ ಹಾಕಿಕೊಟ್ಟ ಎರಡು ಸಿನಿಮಾ. ಮಾಸ್ತರರ ಪುಸ್ತಕ ಅಕಸ್ಮಾತ್ ಉಳಿದರೂ, ಹಳೆಯ ನುಡಿ ಅಕ್ಷರಗಳನ್ನು ಮತ್ತೆ ಹಾಕದ ಹೊರತು ತೆರೆದಾಗ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. “ಭಾಷಾ ಬದಲಾಗ್ಯಾದ್ರಿ, ಅಪ್ಡೇಟಿನ ಪ್ರಭಾವ” ಎಂದು ಭಾಯಿ ಸಮಾಧಾನ ಹೇಳುತ್ತಾನೆ.

ಫಾರ್ಮ್ಯಾಟಿಗಿಂತ ಮೊದಲಿನ ಮೆಟ್ಟಿಲುಗಳು ಅವನಿಗೆ ಗೊತ್ತಿಲ್ಲವೆಂದಲ್ಲ. ಸೆಟ್ಟಿಂಗ್ಸಿನಲ್ಲಿ ಅಪ್ಡೇಟ್ ಇತಿಹಾಸಕ್ಕೆ ಹೋಗಿ ನಿನ್ನೆ ಬಂದದ್ದನ್ನು ತೆಗೆದುಹಾಕಬಹುದು. ಆವೃತ್ತಿಯೇ ಬದಲಾಗಿದ್ದರೆ ಸಾಮಾನ್ಯವಾಗಿ 10 ದಿನಗಳ ಒಳಗೆ ಹಿಂದಿನದಕ್ಕೆ ಮರಳಬಹುದು. ಸೇಫ್ ಮೋಡಿನಲ್ಲಿ ಯಂತ್ರ ಸರಿಯಾಗಿ ನಡೆದರೆ ಗ್ರಾಫಿಕ್ಸ್ ಡ್ರೈವರಿನ ಮೇಲೆ ಅನುಮಾನ ಪಡಬಹುದು. ಸಿ ಡ್ರೈವ್ ತುಂಬಿ ಕೆಂಪಾಗಿದೆಯೇ, ಎರಡೆರಡು ಆಂಟಿವೈರಸ್ ಕೂತು ಜಗಳಾಡುತ್ತಿವೆಯೇ ನೋಡಬಹುದು. ಆದರೆ ಇವಕ್ಕೆಲ್ಲ ಪ್ರಶ್ನೆ ಕೇಳಬೇಕು, ಉತ್ತರ ಕೇಳಿಸಿಕೊಳ್ಳಬೇಕು. ಫಾರ್ಮ್ಯಾಟಿಗೆ ಯಾವುದೂ ಬೇಡ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತ ಮೇಲೆ ಭಾಯಿಗೆ ಸುಗ್ಗಿ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಸುರಕ್ಷಾ ಚಿಪ್ ಬೇಕು, ಓಣಿಯ ಎಷ್ಟೋ ಯಂತ್ರಗಳಿಗೆ ಅದಿಲ್ಲ. “ಟಿಪಿಎಂ ಅಂದ್ರ ಯಾನ್ ಭಾಯಿ?” ಎಂದರೆ “ಅದು ಸರಕಾರದ್ದು” ಎನ್ನುತ್ತಾನೆ. ಲಿನಕ್ಸ್ ಹಾಕಿ ಎಂದು ಯಾರಾದರೂ ಕೇಳಿದರೆ ಮುಖ ಸಣ್ಣದಾಗುತ್ತದೆ. “ಹಾಕಬಹುದು. ಹಾಕಿದ್ರ ಗಿರಾಕಿ ಮತ್ತ ಬರಂಗಿಲ್ಲ.”

ಇಷ್ಟಾದರೂ ಅವನನ್ನು ಬಿಡಿ ಎಂದು ನಾನು ಹೇಳಲಾರೆ. ರಾತ್ರಿ ಒಂಬತ್ತಕ್ಕೆ ಕರೆದರೆ ಬರುವವನು, ವಿಧವೆ ತಾಯಿಯ ಮನೆಯಲ್ಲಿ ದುಡ್ಡು ಮುಟ್ಟದವನು, ಪರೀಕ್ಷೆಯ ಹಿಂದಿನ ದಿನ ಹುಡುಗಿಯ ಹಾಲ್‌ಟಿಕೆಟ್ ಪ್ರಿಂಟಾಗುವ ತನಕ ಅಲ್ಲಾಡದವನು ಇವನೊಬ್ಬನೇ. ಕರೆಯಿರಿ. ಆದರೆ ಅವನ ಸ್ಕೂಟರಿನ ಸಪ್ಪಳ ಕೇಳುವುದರೊಳಗೆ, ಯಂತ್ರ ಸೇಫ್ ಮೋಡಿನಲ್ಲಾದರೂ ಎದ್ದರೆ, ಡೆಸ್ಕ್‌ಟಾಪಿನ ಮೇಲಿರುವುದನ್ನೆಲ್ಲ ಒಂದು ಪೆನ್‌ಡ್ರೈವಿಗೆ ಇಳಿಸಿಕೊಳ್ಳಿ. ಏಳದಿದ್ದರೆ, ಅಳಿಸುವ ಮುಂಚೆ ಡಿಸ್ಕನ್ನು ಬೇರೆ ಯಂತ್ರಕ್ಕೆ ಹಚ್ಚಿ ನಕಲು ತೆಗೆದುಕೊಡು ಎಂದು ಗಟ್ಟಿಯಾಗಿ ಹೇಳಿ, ಹೇಳಿದರೆ ಮಾಡುತ್ತಾನೆ. ಪೆನ್‌ಡ್ರೈವ್ ಮಾತ್ರ ನಿಮ್ಮದೇ ಇರಲಿ. ಅವನ ಹತ್ತಿರ ಎರಡಿವೆ, ಒಂದರಲ್ಲಿ ವೈರಸ್ ಇದೆ, ಯಾವುದರಲ್ಲಿ ಎಂಬುದು ಅವನಿಗೂ ನೆನಪಿಲ್ಲ.