ಟೆಕ್ಸಾಸ್ ಶೀತಾಗಮನ ಮೀಮಾಂಸೆ

ಉತ್ತರದಿಂದ ಬಂದು, ಕೊಳಾಯಿ ಒಡೆದು, ಮನೆಮಂದಿಯನ್ನೆಲ್ಲ ನಡುಗಿಸುವಂಥದ್ದೇ ಆರ್ಕ್ಟಿಕ್ ಶೀತಮಾರುತ. ಇದು ಲಕ್ಷಣ. ‘ಉತ್ತರದಿಂದ ಬಂದು’ ಎಂಬ ವಿಶೇಷಣವನ್ನು ಕೈಬಿಟ್ಟರೆ ಲಕ್ಷಣವು ಪ್ಲಂಬರನ ಬಿಲ್ಲಿಗೂ ಅನ್ವಯಿಸಿ ಅತಿವ್ಯಾಪ್ತಿ ದೋಷ ತಗಲುತ್ತದೆ. ಪ್ಲಂಬರನ ಮನೆಯೇ ಊರಿನ ಉತ್ತರಕ್ಕಿದ್ದರೆ? ಎಂಬ ಆಕ್ಷೇಪಕ್ಕೆ ಸಮಾಧಾನ: ಅವನು ಹೇಳಿದ ದಿನ ಬರುವುದಿಲ್ಲ; ಮಾರುತ ಹೇಳಿದ ದಿನವೇ ಬರುತ್ತದೆ.

ಉತ್ತರ ಧ್ರುವಕ್ಕೂ ನಮಗೂ ನಡುವೆ ಇರುವುದು ಒಂದು ಮುಳ್ಳುತಂತಿ ಬೇಲಿ ಮಾತ್ರ ಎಂಬುದು ಟೆಕ್ಸಾಸಿನ ಹಳಬರ ಮತ. ಇದನ್ನು ಪಾಮರರ ಮಾತೆಂದು ಖಂಡಿಸಲು ಹೊರಡುವ ಪಂಡಿತರು ಭೂಪಟ ಬಿಡಿಸಿದೊಡನೆ ಸುಮ್ಮನಾಗಬೇಕಾಗುತ್ತದೆ. ರಾಕಿ ಪರ್ವತ ನಿಂತಿರುವುದು ಉತ್ತರ-ದಕ್ಷಿಣವಾಗಿ. ಅಡ್ಡಲಾಗಿ ತಡೆಯುವಂಥ ಬೆಟ್ಟಸಾಲಿಲ್ಲ. ಕೆನಡಾದ ಹಿಮಬಯಲಿನ ದೀರ್ಘ ರಾತ್ರಿಗಳಲ್ಲಿ ತಣಿದು ಭಾರವಾದ ಗಾಳಿ ಮೆಕ್ಸಿಕೋ ಕೊಲ್ಲಿಯವರೆಗೆ ಸಲೀಸಾಗಿ ಇಳಿಯುತ್ತದೆ. ಪಂಕ್ತಿಯಲ್ಲಿ ಉಂಡವನು ಏಳುವ ಮೊದಲೇ ಅವನ ಜಾಗಕ್ಕೆ ನುಗ್ಗುವ ನೆಂಟನಂತೆ, ಬೆಚ್ಚನೆ ಗಾಳಿಯ ಅಡಿಗೆ ತೂರಿ ಅದನ್ನು ಮೇಲೆಬ್ಬಿಸುತ್ತದೆ. ನಮ್ಮಲ್ಲಿ ಹಿಮಾಲಯ ಅಡ್ಡ ಮಲಗಿರುವುದರಿಂದ ಸೈಬೀರಿಯಾದ ಚಳಿ ಅತ್ತಲೇ ಉಳಿಯಿತು. 15 ಡಿಗ್ರಿಗೇ ಮಂಕಿ ಕ್ಯಾಪ್ ಹಾಕುವ ಬೆಂಗಳೂರಿನವರ ಶೌರ್ಯಕ್ಕೆ ಆ ಪರ್ವತವೇ ಆಧಾರ.

ಪ್ರತ್ಯಕ್ಷ ಪ್ರಮಾಣ: 1911ರ ನವೆಂಬರ್ 11. ಅಂದು ನೆರೆರಾಜ್ಯದ ಓಕ್ಲಹೋಮ ಸಿಟಿಯಲ್ಲಿ 83 ಡಿಗ್ರಿ ಫ್ಯಾರನ್‌ಹೀಟ್ (28 ಸೆಲ್ಸಿಯಸ್) ಇದ್ದ ಉಷ್ಣಾಂಶ ನಡುರಾತ್ರಿಯೊಳಗೆ 17ಕ್ಕೆ ಬಿತ್ತು. ಸೊನ್ನೆಗಿಂತ 8 ಸೆಲ್ಸಿಯಸ್ ಕೆಳಗೆ. ಆ ತಾರೀಖಿನ ಗರಿಷ್ಠ, ಕನಿಷ್ಠ ದಾಖಲೆಗಳೆರಡೂ ಒಂದೇ ದಿನದ ಸಂಪಾದನೆ. ಒಂದೊಂದು ಋತುವಿಗೆ ಎರಡೆರಡು ತಿಂಗಳು ಕೊಟ್ಟ ನಮ್ಮ ಪೂರ್ವಿಕರದು ಬರೀ ದುಂದುಗಾರಿಕೆ ಎಂದು ಇದರಿಂದ ಸಿದ್ಧ. ಫ್ಯಾರನ್‌ಹೀಟ್-ಸೆಲ್ಸಿಯಸ್ ದ್ವೈತದಿಂದ ಕಂಗೆಟ್ಟವರು ಇನ್ನಷ್ಟು ಉತ್ತರಕ್ಕೆ ಹೋಗಬೇಕು. ಮೈನಸ್ 40ರಲ್ಲಿ ಎರಡೂ ಒಂದೇ ಆಗಿ ಅದ್ವೈತ ಲಭಿಸುತ್ತದೆ. ಅನುಭವಿಸಲು ಬೆರಳುಗಳು ಮಾತ್ರ ಉಳಿದಿರಬೇಕು.

ಮುನ್ಸೂಚನೆ ಬಂದೊಡನೆ ಅಮೆರಿಕನ್ನರು ಬ್ರೆಡ್ಡು, ಹಾಲಿಗೆ ಮುಗಿಬೀಳುತ್ತಾರೆ. ಡಲ್ಲಾಸಿನ ಕನ್ನಡಿಗರದು ಬೇರೆ ಶಾಖೆ: ಓವನ್ನಿನ ದೀಪ ಹಾಕಿ ಒಳಗಿಟ್ಟ ದೋಸೆ ಹಿಟ್ಟು ಬೆಳಿಗ್ಗೆ ಉಬ್ಬಿದೆಯೇ ಎಂಬುದರ ಮೇಲೆ ಅವರ ಹವಾಮಾನಶಾಸ್ತ್ರ ನಿಂತಿದೆ. ಥರ್ಮಾಮೀಟರಿಗಿಂತ ಇದು ವಿಶ್ವಾಸಾರ್ಹ ಎಂಬುದು ಈ ಲೇಖಕನ ಸಿದ್ಧಾಂತ. ಒಂದೇ ಕೊರತೆ, ಈ ಉಪಕರಣಕ್ಕೆ ಕರೆಂಟು ಬೇಕು.

2021ರ ಫೆಬ್ರವರಿಯಲ್ಲಿ ಅದೇ ಹೋಯಿತು. ಡಲ್ಲಾಸ್ ಮೈನಸ್ 19 ಸೆಲ್ಸಿಯಸ್ಸಿಗೆ ಇಳಿಯಿತು. ಅನಿಲ ಬಾವಿಗಳು ಹೆಪ್ಪುಗಟ್ಟಿ, ವಿದ್ಯುತ್ ಸ್ಥಾವರಗಳು ಕೈಕೊಟ್ಟು, 45 ಲಕ್ಷಕ್ಕೂ ಹೆಚ್ಚು ಮನೆ-ಅಂಗಡಿಗಳು ಕತ್ತಲಾದವು. ದೇಶದ ಉಳಿದ ವಿದ್ಯುತ್ ಜಾಲಗಳಿಂದ ಬಹುಪಾಲು ಬೇರೆಯಾಗಿಯೇ ಇರುವುದು ಟೆಕ್ಸಾಸ್ ಜಾಲದ ಹೆಮ್ಮೆ. ಇನ್ನು 4 ನಿಮಿಷ 37 ಸೆಕೆಂಡಿನಲ್ಲಿ ಆ ಹೆಮ್ಮೆ ಪೂರ್ತಿ ಕುಸಿಯುವುದರಲ್ಲಿತ್ತು. ಚಳಿಗೆ ತಕ್ಕಂತೆ ಸ್ಥಾವರಗಳನ್ನು ಸಜ್ಜುಗೊಳಿಸಿ ಎಂದು ಫೆಡರಲ್ ವರದಿಯೊಂದು 2011ರಲ್ಲೇ ಹೇಳಿತ್ತು. ಆ ವರ್ಷವೂ ಇಂಥದೇ ಚಳಿಗೆ ಕರೆಂಟು ಹೋಗಿತ್ತು. ಹತ್ತು ವರ್ಷ ಸಾಲದೆ ಹೋದದ್ದಕ್ಕೆ ಭಾಷ್ಯಕಾರರು ಇನ್ನೂ ಹುಟ್ಟಬೇಕು. ಸತ್ತವರು 246 ಎಂದು ರಾಜ್ಯವೇ ಲೆಕ್ಕ ಕೊಟ್ಟಿತು. ಅಲ್ಲಿಗೆ ತರ್ಕವೂ ಬಾಯಿ ಮುಚ್ಚುತ್ತದೆ.

ಆದ್ದರಿಂದ ಆ ಸೀಮೆಯಲ್ಲಿರುವ ಓದುಗರಲ್ಲಿ ವಿನಂತಿ: ರಾತ್ರಿ ನಲ್ಲಿ ಸಣ್ಣಗೆ ತೊಟ್ಟಿಕ್ಕುತ್ತಿರಲಿ, ಸಿಂಕಿನ ಕೆಳಗಿನ ಬಾಗಿಲು ತೆರೆದಿರಲಿ, ಎಷ್ಟೇ ನಡುಗಿದರೂ ಇದ್ದಿಲ ಒಲೆಯನ್ನು ಮನೆಯೊಳಗೆ ಹೊತ್ತಿಸಬೇಡಿ.