ಮೂರನೇ ಮುದ್ದೆ

"ರೀ, ವಾರವೆಲ್ಲ ಬರೀ ಮೊಟ್ಟೆ, ಸೊಪ್ಪು. ಇವತ್ತೇನು ಮೂರನೇ ಮುದ್ದೆ?"

"ಇವತ್ತು ಕಾರ್ಬ್ ದಿನ ಕಣೇ. 5 ದಿನ ವ್ರತ, 2 ದಿನ ಪಾರಣೆ. ಸ್ನಾಯುಗಳಿಗೆ ಗ್ಲೈಕೋಜನ್ ತುಂಬಬೇಕು."

"ಶುಕ್ರವಾರ 2 ಕಿಲೋ ಇಳಿದೆ ಅಂತ ಕುಣಿದ್ರಲ್ಲ?"

"ಅದರಲ್ಲಿ ನೀರೇ ಜಾಸ್ತಿ. 1 ಗ್ರಾಂ ಗ್ಲೈಕೋಜನ್ ಸುಮಾರು 3 ಗ್ರಾಂ ನೀರು ಹಿಡ್ಕೊಂಡಿರುತ್ತೆ. ಅದು ಖರ್ಚಾದ್ರೆ ನೀರೂ ಹೋಗುತ್ತೆ." (ತಪ್ಪೊಪ್ಪಿಗೆ ನನ್ನ ಬಾಯಿ ತಪ್ಪಿ ಬಂತು.)

"ಅಂದ್ರೆ ಕೊಬ್ಬು ಕೂತಲ್ಲೇ ಕೂತಿದೆ."

"ಸ್ನಾಯು ಉಳೀಬೇಕಲ್ಲ! ಅದಕ್ಕೆ ಪ್ರೋಟೀನ್ ತಿನ್ನಬೇಕು, ಭಾರ ಎತ್ತಬೇಕು."

"ಬಾಗಿಲಲ್ಲಿ ಸಿಲಿಂಡರ್ ಇದೆ. ಎತ್ತಿ."

"ಇವತ್ತು ವಿಶ್ರಾಂತಿ ದಿನ."

ಸಿಲಿಂಡರನ್ನು ಓರೆಮಾಡಿ, ಉರುಳಿಸಿಕೊಂಡು ಒಳಗೊಯ್ದದ್ದು ನಮ್ಮಮ್ಮ. ವಯಸ್ಸು 67. ಎರಡು ಹೊತ್ತೂ ಮುದ್ದೆ.